ಒಂದೇ ಕೆರೆ, ಹನ್ನೆರಡು ಚಿತ್ರ: ಭೂದೃಶ್ಯ ಛಾಯಾಗ್ರಹಣದಲ್ಲಿ ಸಂಯೋಜನೆ ತಿದ್ದಿಕೊಳ್ಳುವ ಕ್ರಮ

ಘಟ್ಟದ ಸಾಲುಬೆಟ್ಟಗಳ ಮುಂದೆ ನಿಂತಾಗ ಕಂಡ ಎತ್ತರ, ಮನೆಗೆ ಬಂದು ಚಿತ್ರ ತೆರೆದಾಗ ಇರುವುದಿಲ್ಲ. ಬೆಟ್ಟಗಳು ಹುತ್ತದ ಸಾಲಿನಂತೆ ಕುಗ್ಗಿರುತ್ತವೆ. ಮೇಲೆ ಬರಿ ಬಿಳಿ ಆಕಾಶ, ಕೆಳಗೆ ಯಾವ ಕೆಲಸವನ್ನೂ ಮಾಡದ ಹುಲ್ಲು. ಸ್ಥಳದಲ್ಲಿ ನಿಂತ ಕಣ್ಣು ತನಗೆ ಬೇಕಾದ್ದನ್ನು ಹೆಕ್ಕಿಕೊಳ್ಳುತ್ತದೆ. ಲೆನ್ಸ್ ಎದುರಿಗಿರುವುದನ್ನೆಲ್ಲ ಬಾಚಿಕೊಳ್ಳುತ್ತದೆ. ಫೋನಿನ ಮುಖ್ಯ ಕ್ಯಾಮೆರಾ ಸುಮಾರು 24ರಿಂದ 26 ಮಿ.ಮೀ. ವೈಡ್ (ಅಗಲ ನೋಟದ) ಲೆನ್ಸಿಗೆ ಸಮ. ಅದರಲ್ಲಿ ದೂರದ ಬೆಟ್ಟ ಸಣ್ಣದಾಗಿಯೇ ಬರುತ್ತದೆ.

ಸಂಯೋಜನೆಯ, ಅಂದರೆ ಚೌಕಟ್ಟಿನೊಳಗೆ ಎಲ್ಲವನ್ನೂ ಜೋಡಿಸುವ, ಸೂತ್ರಗಳನ್ನು ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ಅವು ಕೈಗೆ ಹತ್ತಬೇಕಾದರೆ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಬೇಕು, ಹೋದಾಗಲೆಲ್ಲ ಒಂದೇ ಒಂದು ತಪ್ಪನ್ನು ಹಿಡಿದು ತಿದ್ದಬೇಕು. ಆ ತಪ್ಪು ಯಾವುದೆಂದು ಬೇರೆಯವರ ಕಣ್ಣಿನಿಂದ ತಿಳಿದುಕೊಳ್ಳಬೇಕು. ತೆಗೆದವರಿಗೆ ಬೆಳಗಿನ ಚಳಿ, ಹತ್ತಿದ ದಣಿವು, ಹಕ್ಕಿಯ ದನಿ ಎಲ್ಲವೂ ಚಿತ್ರದ ಜೊತೆ ನೆನಪಾಗುತ್ತವೆ. ನೋಡುವವರಿಗೆ ಸಿಗುವುದು ಚೌಕಟ್ಟಿನ ಒಳಗಿರುವುದು ಮಾತ್ರ.

ಜಾಗ ಮತ್ತು ಹೊತ್ತು

ಅಭ್ಯಾಸಕ್ಕೆ ಮನೆಯಿಂದ ಅರ್ಧ ಗಂಟೆಯೊಳಗೆ ತಲುಪಬಹುದಾದ ಜಾಗ ಬೇಕು. ನಮ್ಮ ಬಯಲುಸೀಮೆಯವರಿಗೆ ಕೆರೆಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ಬಾಗಿ ಸಾಗುವ ಏರಿ ಕಣ್ಣನ್ನು ಒಳಗೆ ಕರೆದೊಯ್ಯುವ ಗೆರೆಯಾಗುತ್ತದೆ. ತೂಬಿನ ಕಲ್ಲುಗಂಬ ನೋಟ ನಿಲ್ಲಿಸುವ ಸಣ್ಣ ವಸ್ತು. ಕೋಡಿಯ ಕಲ್ಲುಗಳು ಮುನ್ನೆಲೆಗೆ, ಆಚೆ ದಡದ ಮರಗಳು ನಡುನೆಲೆಗೆ, ಗುಡ್ಡವೋ ಬೆಟ್ಟವೋ ಹಿನ್ನೆಲೆಗೆ ಒದಗುತ್ತವೆ. ಕರಾವಳಿಯವರು ಒಂದು ಅಳಿವೆಯನ್ನು, ಮಲೆನಾಡಿನವರು ಒಂದು ಗದ್ದೆಬಯಲನ್ನು ಹಿಡಿದುಕೊಳ್ಳಲಿ. ವರ್ಷಕ್ಕೊಮ್ಮೆ ಹೋಗುವ ಮುಳ್ಳಯ್ಯನಗಿರಿಯಲ್ಲಿ ಅಭ್ಯಾಸ ಮಾಡಲು ಹೊರಡಬಾರದು. ಅಲ್ಲಿಗೆ ಹೋಗುವ ಹೊತ್ತಿಗೆ ಅಭ್ಯಾಸ ಆಗಿರಬೇಕು.

ಹೊತ್ತಿನ ವಿಷಯದಲ್ಲಿ ಒಂದು ಎಚ್ಚರಿಕೆ. ಉತ್ತರದ ದೇಶಗಳಲ್ಲಿ ಬರೆದ ಮಾರ್ಗದರ್ಶಿಗಳು ಸೂರ್ಯೋದಯದ ನಂತರದ ಹೊಂಬೆಳಕು ಒಂದು ಗಂಟೆ ಇರುತ್ತದೆ ಎನ್ನುತ್ತವೆ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಇಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಮೇಲೇರುತ್ತಾನೆ. ದಿಗಂತದಿಂದ 6 ಡಿಗ್ರಿ ಏರಲು ಅವನಿಗೆ ಸುಮಾರು 25 ನಿಮಿಷ ಸಾಕು. ಲಂಡನ್ನಿನಲ್ಲಿ ಮಾರ್ಚ್ ಅಥವಾ ಸೆಪ್ಟೆಂಬರಿನಲ್ಲೇ ಇದಕ್ಕೆ 40 ನಿಮಿಷ ಹಿಡಿಯುತ್ತದೆ. ಅಂದರೆ ಬೆಳಕು ಬಂದ ಮೇಲೆ ಚೌಕಟ್ಟು ಹುಡುಕಲು ನಮಗೆ ಸಮಯವಿಲ್ಲ. ಸೂರ್ಯೋದಯಕ್ಕೆ 45 ನಿಮಿಷ ಮೊದಲೇ ಸ್ಥಳದಲ್ಲಿರಬೇಕು. ಇನ್ನೊಂದು, ಸೂರ್ಯ ಹುಟ್ಟುವ ಬಿಂದು ಡಿಸೆಂಬರಿನಲ್ಲಿ ನೇರ ಪೂರ್ವದಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೆ, ಜೂನ್‌ನಲ್ಲಿ ಅಷ್ಟೇ ಉತ್ತರಕ್ಕೆ ಸರಿದಿರುತ್ತದೆ. ಚಳಿಗಾಲದಲ್ಲಿ ಒಂಟಿ ಮರದ ಹಿಂದೆ ಮೂಡಿದ ಸೂರ್ಯ ಮುಂಗಾರಿನಲ್ಲಿ ಅಲ್ಲಿ ಸಿಗುವುದಿಲ್ಲ.

ರಟ್ಟಿನ ಕಿಟಕಿ

ಕ್ಯಾಮೆರಾ ಕಣ್ಣಿಗೆ ಒತ್ತಿಕೊಂಡ ಕೂಡಲೇ ಯೋಚನೆ ನಿಂತು ಬೆರಳು ಓಡುತ್ತದೆ. ಅದಕ್ಕೆ ಮೊದಲು ಒಂದು ರಟ್ಟಿನ ಚೌಕಟ್ಟು ಮಾಡಿಕೊಳ್ಳಿ. ಹಳೆಯ ಮದುವೆ ಕರೆಯೋಲೆಯ ದಪ್ಪ ರಟ್ಟು ಆದೀತು. ನಡುವೆ 9 ಸೆಂ.ಮೀ. ಅಗಲ, 6 ಸೆಂ.ಮೀ. ಎತ್ತರದ ಕಿಟಕಿ ಕತ್ತರಿಸಿ, ಕಣ್ಣಿನ ಕಡೆಯ ಮುಖಕ್ಕೆ ಕಪ್ಪು ಬಳಿಯಿರಿ. ಒಂದು ಕಣ್ಣು ಮುಚ್ಚಿ ಅದರ ಮೂಲಕ ನೋಡಿ. ಫುಲ್ ಫ್ರೇಮ್ (36×24 ಮಿ.ಮೀ. ಸೆನ್ಸರಿನ) ಕ್ಯಾಮೆರಾದಲ್ಲಿ 24 ಮಿ.ಮೀ. ಲೆನ್ಸ್ ಕಾಣುವಷ್ಟನ್ನು ನೋಡಲು ರಟ್ಟು ಕಣ್ಣಿನಿಂದ 6 ಸೆಂ.ಮೀ. ದೂರವಿರಬೇಕು, 50 ಮಿ.ಮೀ.ಗೆ 12.5 ಸೆಂ.ಮೀ., 100ಕ್ಕೆ 25, 200ಕ್ಕೆ 50 ಸೆಂ.ಮೀ. ಅದಕ್ಕಿಂತ ಚಿಕ್ಕ ಎಪಿಎಸ್-ಸಿ ಸೆನ್ಸರಿನ ಕ್ಯಾಮೆರಾ ಮತ್ತು ಅದರ ಜೊತೆಗೇ ಬರುವ 18-55 ಕಿಟ್ ಲೆನ್ಸ್ ಇದ್ದರೆ 18 ಮಿ.ಮೀ.ಗೆ 7 ಸೆಂ.ಮೀ., 55ಕ್ಕೆ 21 ಸೆಂ.ಮೀ. ಫೋನಿನವರು 8×6 ಸೆಂ.ಮೀ. ಕಿಟಕಿ ಮಾಡಿ: ಮುಖ್ಯ ಕ್ಯಾಮೆರಾಕ್ಕೆ 6 ಸೆಂ.ಮೀ., ಎರಡು ಪಟ್ಟು ಜೂಮಿಗೆ 12. ರಟ್ಟಿಗೆ ದಾರ ಕಟ್ಟಿ ಈ ಅಳತೆಗಳಲ್ಲಿ ಗಂಟು ಹಾಕಿಕೊಂಡರೆ ಪ್ರತಿ ಸಲ ಅಳೆಯಬೇಕಿಲ್ಲ.

ಈ ಸಣ್ಣ ಸಾಧನ ಒಂದು ವಿಷಯವನ್ನು ಬಹಳ ಬೇಗ ಕಲಿಸುತ್ತದೆ. ಮೆಚ್ಚಿ ನಿಂತ ದೃಶ್ಯವನ್ನು ಹಿಡಿಯಲು ರಟ್ಟನ್ನು ತೋಳುದ್ದ ದೂರ ಹಿಡಿಯಬೇಕಾಗಿ ಬಂದರೆ, ನಿಮಗೆ ಬೇಕಿರುವುದು ದೂರದ್ದನ್ನು ಹತ್ತಿರ ತರುವ ಟೆಲಿ ಲೆನ್ಸಿನ ಚಿತ್ರ. ಮಂಜಿನ ಬೆಟ್ಟಸಾಲುಗಳ ಬಹುಪಾಲು ಚಿತ್ರಗಳು 70ರಿಂದ 200 ಮಿ.ಮೀ. ನಡುವೆ ಇವೆ.

ಒಂದು ಭೇಟಿ, ಹನ್ನೆರಡು ಚಿತ್ರ

ಮೆಮೊರಿ ಕಾರ್ಡಿನಲ್ಲಿ ಜಾಗವಿದೆ ಎಂದು ಮುನ್ನೂರು ಹೊಡೆದು ಬಂದರೆ ಕಲಿಕೆ ಆಗುವುದಿಲ್ಲ, ಆಯ್ಕೆಯ ತಲೆನೋವು ಮಾತ್ರ ಬೆಳೆಯುತ್ತದೆ. ಒಂದು ಭೇಟಿಗೆ ಒಂದು ದೃಶ್ಯ, ಹನ್ನೆರಡು ಚಿತ್ರ.

1. ಮೊದಲ ಹತ್ತು ನಿಮಿಷ ಕ್ಯಾಮೆರಾ ಚೀಲದಲ್ಲೇ ಇರಲಿ. ಚಿತ್ರ ಯಾವುದರ ಬಗ್ಗೆ ಎಂದು ಒಂದು ವಾಕ್ಯ ಬರೆಯಿರಿ: "ಏರಿಯ ಬಾಗು ನೀರನ್ನು ತೋಳಿನಂತೆ ತಬ್ಬಿದೆ." ವಾಕ್ಯದಲ್ಲಿ "ಮತ್ತು" ಬಂದರೆ ಅಲ್ಲಿ ಎರಡು ಚಿತ್ರಗಳಿವೆ, ಒಂದನ್ನು ಬಿಡಿ.

2. ಮೊದಲನೆಯ ಚಿತ್ರ ನಿಂತ ನಿಲುವಿನಲ್ಲಿ, ತೋಚಿದಂತೆ. ಇದು ಆಮೇಲೆ ಹೋಲಿಸಲು ಬೇಕು.

3. ಎರಡರಿಂದ ನಾಲ್ಕನೆಯ ಚಿತ್ರಕ್ಕೆ ಜೂಮ್ ಮುಟ್ಟಬೇಡಿ, ಕಾಲು ಮಾತ್ರ ಆಡಲಿ. ಎರಡು ಹೆಜ್ಜೆ ಎಡಕ್ಕೆ, ಎರಡು ಬಲಕ್ಕೆ, ಎರಡು ಮುಂದಕ್ಕೆ. ಎರಡು ಮೀಟರ್ ದೂರದ ಕಲ್ಲು ಒಂದು ಹೆಜ್ಜೆಗೇ ಚೌಕಟ್ಟಿನಲ್ಲಿ ಬಹಳ ದೂರ ಸರಿಯುತ್ತದೆ. ಎರಡು ಕಿಲೋಮೀಟರ್ ಆಚೆಯ ಗುಡ್ಡ ಅಲುಗುವುದೂ ಇಲ್ಲ. ಹೀಗಾಗಿ ತೂಬಿನ ಕಂಬವನ್ನು ಹಿಂದಿನ ಮರದಿಂದ ಬಿಡಿಸಿ ಬೆಳ್ಳಗಿನ ನೀರಿನ ಮೇಲೆ ನಿಲ್ಲಿಸುವುದು ಕಾಲಿನ ಕೆಲಸ. ಕಂಪ್ಯೂಟರಿನಲ್ಲಿ ಅಂಚು ಕತ್ತರಿಸಿ ಕ್ರಾಪ್ ಮಾಡಿದರೆ ಇದು ಸರಿಹೋಗುವುದಿಲ್ಲ.

4. ಐದರಿಂದ ಏಳನೆಯವರೆಗೆ ಎತ್ತರ ಬದಲಿಸಿ: ಮೊಣಕಾಲು, ಎದೆ, ತಲೆಯ ಮೇಲೆ ಎತ್ತಿದ ಕೈ. ಕ್ಯಾಮೆರಾ ತಗ್ಗಿದಂತೆ ಮುನ್ನೆಲೆಯ ಕಲ್ಲು ಎದ್ದು ನಿಲ್ಲುತ್ತದೆ, ಅದರ ಮತ್ತು ಆಚೆ ದಡದ ನಡುವಿನ ನೀರು ಮಡಿಸಿದಂತೆ ಮುಚ್ಚಿಹೋಗುತ್ತದೆ. ಎತ್ತರಿಸಿದಂತೆ ಆ ನೀರು ಬಿಚ್ಚಿಕೊಂಡು ಆಳ ಕಾಣುತ್ತದೆ. ವೈಡ್ ಲೆನ್ಸ್ ಎಂದರೆ ನೆಲಕ್ಕೆ ಒರಗಬೇಕು ಎಂಬ ರೂಢಿ ಬಿದ್ದಿದೆ. ನಮ್ಮ ಕೆರೆಗಳಲ್ಲಿ ಹತ್ತರಲ್ಲಿ ಏಳು ಸಲ 30 ಸೆಂ.ಮೀ. ಮೇಲೇರಿಸುವುದೇ ಮದ್ದು.

5. ಎಂಟರಿಂದ ಹತ್ತನೆಯವರೆಗೆ ಲೆನ್ಸ್ ಬದಲಾಗಲಿ, ಜೊತೆಗೆ ನಿಂತ ಜಾಗವೂ ಬದಲಾಗಲಿ. ತೂಬು ಅದೇ ಗಾತ್ರದಲ್ಲಿ ಕಾಣುವಂತೆ ಹಿಂದೆ ಸರಿಯುತ್ತಾ 18ರಲ್ಲಿ ಒಂದು, 35ರಲ್ಲಿ ಒಂದು, 55ರಲ್ಲಿ ಒಂದು. ಹಿಂದಿನ ಗುಡ್ಡ ಹೇಗೆ ದೊಡ್ಡದಾಗುತ್ತಾ ಬರುತ್ತದೆ ನೋಡಿ. ಮೊದಲ ಪ್ಯಾರಾದ ಹುತ್ತದ ಬೆಟ್ಟಕ್ಕೆ ಉತ್ತರ ಇಲ್ಲಿದೆ.

6. ಕೊನೆಯ ಎರಡು, ಮೇಲಿನವುಗಳಲ್ಲಿ ಕಂಡುಕೊಂಡದ್ದನ್ನು ಸೇರಿಸಿ, ಟ್ರೈಪಾಡಿನ ಮೇಲೆ ನಿಧಾನವಾಗಿ. ಒತ್ತುವ ಮೊದಲು ಚೌಕಟ್ಟಿನ ಅಂಚಿನ ಉದ್ದಕ್ಕೂ ಗಡಿಯಾರದ ಮುಳ್ಳಿನಂತೆ ಒಂದು ಸುತ್ತು ಕಣ್ಣಾಡಿಸಿ. ಹತ್ತು ಸೆಕೆಂಡಿನ ಕೆಲಸ. ಅರ್ಧ ಕತ್ತರಿಸಿದ ಕೊಂಬೆ, ಮೂಲೆಯ ಬಿಳಿ ಪ್ಲಾಸ್ಟಿಕ್ಕು, ಕರೆಂಟಿನ ತಂತಿ ಆಗಲೇ ಸಿಕ್ಕಿಬೀಳುತ್ತವೆ.

ಮುನ್ನೆಲೆಯ ಕಲ್ಲಿನಿಂದ ಗುಡ್ಡದವರೆಗೆ ಎಲ್ಲ ಸ್ಪಷ್ಟವಾಗಿರಬೇಕಾದರೆ ಫೋಕಸ್ ಗುಡ್ಡಕ್ಕೆ ಹಾಕಬೇಡಿ. ಎಪಿಎಸ್-ಸಿಯಲ್ಲಿ 18 ಮಿ.ಮೀ., ಎಫ್ 11 (ಲೆನ್ಸಿನ ರಂಧ್ರದ ಅಳತೆ; ಅಂಕಿ ಹೆಚ್ಚಿದಷ್ಟೂ ರಂಧ್ರ ಚಿಕ್ಕದು) ಇಟ್ಟರೆ ಒಂದೂವರೆ ಮೀಟರ್ ದೂರಕ್ಕೆ ಫೋಕಸ್ ಮಾಡಿ; ಸುಮಾರು 75 ಸೆಂ.ಮೀ.ನಿಂದ ಅನಂತದವರೆಗೆ ಚೊಕ್ಕವಾಗಿರುತ್ತದೆ. ಫುಲ್ ಫ್ರೇಮಿನಲ್ಲಿ 24 ಮಿ.ಮೀ., ಎಫ್ 11ಕ್ಕೆ 1.8 ಮೀಟರ್. ಎಫ್ 22ಕ್ಕೆ ಹೋದರೆ ಸಣ್ಣ ರಂಧ್ರದ ಅಂಚಿನಲ್ಲಿ ಬೆಳಕು ಬಾಗಿ ಹರಡುವುದರಿಂದ (ವಿವರ್ತನೆ) ಇಡೀ ಚಿತ್ರವೇ ಮೆತ್ತಗಾಗುತ್ತದೆ.

ಪದೇ ಪದೇ ಆಗುವ ತಪ್ಪುಗಳು

ಓರೆ ದಿಗಂತವನ್ನು ಎಲ್ಲರೂ ಹೇಳುತ್ತಾರೆ, ಕ್ಯಾಮೆರಾ ಪರದೆಯಲ್ಲಿ ಗ್ರಿಡ್ ಗೆರೆಗಳನ್ನು ಹಾಕಿಕೊಂಡರೆ ಮುಗಿಯಿತು. ಆದರೆ ಕೆರೆಯಲ್ಲಿ ಒಂದು ಮೋಸವಿದೆ. ದಡ ನಿಮ್ಮಿಂದ ಓರೆಯಾಗಿ ದೂರ ಸರಿಯುತ್ತಿದ್ದರೆ ನೀರಿನ ಗೆರೆ ಇಳಿಜಾರಾಗಿಯೇ ಕಾಣುತ್ತದೆ. ಅದನ್ನು ಮಟ್ಟ ಮಾಡಲು ಹೋದರೆ ಇಡೀ ಚಿತ್ರ ವಾಲುತ್ತದೆ. ಅಲ್ಲಿ ಮರದ ತುದಿಯನ್ನೂ ಅದರ ಪ್ರತಿಬಿಂಬದ ತುದಿಯನ್ನೂ ನೋಡಿ. ಎರಡೂ ಒಂದೇ ಲಂಬಗೆರೆಯಲ್ಲಿದ್ದರೆ ಕ್ಯಾಮೆರಾ ಮಟ್ಟವಾಗಿದೆ.

ಬಹಳ ಜನ ಗಮನಿಸದೆ ಬಿಡುವ ತಪ್ಪು ತಾಗುವಿಕೆ. ಗೋಪುರದ ತುದಿ ಸರಿಯಾಗಿ ಬೆಟ್ಟದ ಗೆರೆಯನ್ನು ಮುಟ್ಟಿದರೆ, ತೆಂಗಿನ ಗರಿ ಚೌಕಟ್ಟಿನ ಮೇಲಂಚಿಗೆ ತಾಗಿದರೆ, ನೋಡುವವರ ಕಣ್ಣು ಅಲ್ಲಿಯೇ ಸಿಕ್ಕಿಹಾಕಿಕೊಳ್ಳುತ್ತದೆ. ಒಂದೋ ಸ್ಪಷ್ಟವಾಗಿ ದಾಟಲಿ, ಇಲ್ಲವೇ ಸ್ಪಷ್ಟವಾಗಿ ಒಳಗಿರಲಿ. ಚೌಕಟ್ಟಿನ ಎತ್ತರದ ಇಪ್ಪತ್ತರಲ್ಲಿ ಒಂದು ಪಾಲಾದರೂ ಬಿಡುವು ಬೇಕು.

ಮುನ್ನೆಲೆ ಇರಬೇಕು ಎಂದು ಓದಿ, ಸಿಕ್ಕ ಕಲ್ಲನ್ನು ತಂದು ಕೂರಿಸುವುದು ಮತ್ತೊಂದು. ಆ ಕಲ್ಲಿನ ಓಟ ಹಿಂದಿನ ವಸ್ತುವಿನ ಕಡೆ ಕೈ ತೋರುತ್ತಿದೆಯೇ, ಅದರ ಆಕಾರ ಬೆಟ್ಟದ ಆಕಾರವನ್ನು ನೆನಪಿಸುತ್ತಿದೆಯೇ ಎಂದು ಕೇಳಿಕೊಳ್ಳಿ. ಎರಡಕ್ಕೂ ಇಲ್ಲವೆಂದರೆ ಅದು ಅಡ್ಡಿ. ಕಾಲುದಾರಿಯ ವಿಷಯವೂ ಹಾಗೆಯೇ, ಅದು ಏನನ್ನೂ ಮುಟ್ಟದೆ ಚೌಕಟ್ಟಿನ ಪಕ್ಕದಿಂದ ಹೊರಟುಹೋದರೆ ನೋಡುವವರನ್ನೂ ಜೊತೆಗೆ ಕರೆದೊಯ್ಯುತ್ತದೆ.

ಸಮತೂಕವೂ ಕೆಲವೊಮ್ಮೆ ಕೆಡಿಸುತ್ತದೆ. ಜೋಗದಲ್ಲಿ ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕನ್ನೂ ಅಂಚಿನಿಂದ ಅಂಚಿಗೆ ತುಂಬಿದ ಚಿತ್ರ ದಾಖಲೆಯಾಗಿ ಸರಿ. ಸಂಯೋಜನೆಯಾಗಿ ಅದರಲ್ಲಿ ಕಣ್ಣಿಗೆ ನಿಲ್ಲಲು ಜಾಗವಿಲ್ಲ. ಒಂದು ಧಾರೆಗೆ ಪಟ್ಟ ಕಟ್ಟಿ, ಉಳಿದವು ಪಕ್ಕವಾದ್ಯದಂತೆ ಇರಲಿ. 253 ಮೀಟರ್ ಎತ್ತರ ಚಿತ್ರದಲ್ಲಿ ತಿಳಿಯಬೇಕಾದರೆ ಅಳತೆ ಕೊಡುವ ಮರವೊಂದು ಬಂಡೆಯಂಚಿನಲ್ಲಿ ಕಾಣಬೇಕು. ಜುಲೈ-ಆಗಸ್ಟಿನಲ್ಲಿ ಮಂಜು ಕಣಿವೆ ತುಂಬಿದಾಗ ವೈಡ್ ಲೆನ್ಸ್ ಚೀಲಕ್ಕೆ ಹಾಕಿ, ಟೆಲಿ ಹಿಡಿದು ಮಂಜು ಬಿಚ್ಚುವ ಒಂದೆರಡು ನಿಮಿಷಕ್ಕೆ ಕಾಯಿರಿ.

ಮಳೆಗಾಲದ ಬಿಳಿ ಆಕಾಶಕ್ಕೆ ಐದನೇ ಒಂದು ಪಾಲಿಗಿಂತ ಹೆಚ್ಚು ಕೊಡಬೇಡಿ. ಪೂರ್ತಿ ಬಿಟ್ಟರೂ ನಷ್ಟವಿಲ್ಲ.

ಅಭಿಪ್ರಾಯ ಕೇಳುವ ವಿಧಾನ

"ಸೂಪರ್ ಸರ್", "ಮಸ್ತ್ ಅಣ್ಣ" ಎಂಬ ಮಾತುಗಳಲ್ಲಿ ಪ್ರೀತಿ ಇದೆ, ಮುಂದಿನ ಭೇಟಿಯಲ್ಲಿ ಎಲ್ಲಿ ನಿಲ್ಲಬೇಕೆಂಬ ಸುಳಿವಿಲ್ಲ. ಸಲೋನ್ (ಛಾಯಾಚಿತ್ರ ಪ್ರದರ್ಶನ) ಸ್ಪರ್ಧೆಯ ಅಂಕವೂ ಅಷ್ಟೆ, ಅದು ತೀರ್ಪು ಹೇಳುತ್ತದೆ, ಕಾರಣ ಹೇಳುವುದಿಲ್ಲ. ಬೆಂಗಳೂರಿನಲ್ಲಿ 1971ರಲ್ಲಿ ಶುರುವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಸಂಘಗಳಿಂದ ಸಿಗುವ ದೊಡ್ಡ ಲಾಭವೆಂದರೆ ಹಿರಿಯರು ಪಕ್ಕದಲ್ಲಿ ಕೂತು ಕಾರಣ ಬಿಡಿಸಿ ಹೇಳುವುದು. ಸಂಘ ಹತ್ತಿರವಿಲ್ಲದವರು ಮೂವರನ್ನು ಹುಡುಕಿಕೊಳ್ಳಿ: ಚೆನ್ನಾಗಿ ಚಿತ್ರ ತೆಗೆಯುವ ಒಬ್ಬರು, ಕ್ಯಾಮೆರಾ ಮುಟ್ಟದ ಒಬ್ಬರು, ಆ ಜಾಗವನ್ನೇ ನೋಡದ ಒಬ್ಬರು. ಎರಡನೆಯವರ ಮಾತಿಗೆ ಎಲ್ಲಕ್ಕಿಂತ ಹೆಚ್ಚು ಕಿವಿಗೊಡಿ. ಸೂತ್ರ ತಿಳಿಯದ ಕಣ್ಣು ಮುಜುಗರವಿಲ್ಲದೆ ನಿಜ ಹೇಳುತ್ತದೆ.

ಚಿತ್ರವನ್ನು 4×6 ಇಂಚಿನ ಪ್ರಿಂಟ್ ಹಾಕಿಸಿ ಕೈಗೆ ಕೊಡುವುದು ಉತ್ತಮ. ವಾಟ್ಸಾಪಿನಲ್ಲಿ ಕಳಿಸುವುದಾದರೆ ಫೋಟೋ ಎಂದಲ್ಲ, ಡಾಕ್ಯುಮೆಂಟ್ ಎಂದು ಕಳಿಸಿ, ಇಲ್ಲವಾದರೆ ಚಿತ್ರ ಕುಗ್ಗಿ ಹುಲ್ಲಿನ ಎಳೆಗಳೆಲ್ಲ ಕಲಸಿಹೋಗುತ್ತವೆ. ಚಿತ್ರ ಎಲ್ಲಿಯದು, ಎಷ್ಟು ಕಷ್ಟಪಟ್ಟಿರಿ ಎಂದು ಹೇಳಬೇಡಿ. ಒಂದು ನಿಮಿಷ ಸುಮ್ಮನಿದ್ದು, ಆಮೇಲೆ ಕೇಳಿ: ಕಣ್ಣು ಮೊದಲು ಎಲ್ಲಿಗೆ ಹೋಯಿತು? ಅಲ್ಲಿಂದ ಎಲ್ಲಿಗೆ? ಯಾವ ಭಾಗವನ್ನು ಹೆಬ್ಬೆರಳಿನಿಂದ ಮುಚ್ಚಿದರೆ ಚಿತ್ರ ಚೆನ್ನಾಗುತ್ತದೆ? ಈ ಚಿತ್ರ ಏನು ಹೇಳುತ್ತಿದೆ, ಒಂದು ವಾಕ್ಯದಲ್ಲಿ? ಕೊನೆಯ ಉತ್ತರವನ್ನು ಸ್ಥಳದಲ್ಲಿ ನೀವು ಬರೆದಿಟ್ಟ ವಾಕ್ಯದ ಪಕ್ಕದಲ್ಲಿ ಇಡಿ. ಎರಡರ ನಡುವಿನ ಅಂತರವೇ ನಿಮ್ಮ ಮುಂದಿನ ವಾರದ ಕೆಲಸ.

ನೋಡುಗರು ನೋವಿನ ಜಾಗವನ್ನು ಸರಿಯಾಗಿ ತೋರಿಸುತ್ತಾರೆ, ಔಷಧ ಹೇಳುವಾಗ ಎಡವುತ್ತಾರೆ. "ಆಕಾಶ ಜಾಸ್ತಿಯಾಯಿತು" ಎಂದರೆ ಹಲವು ಸಲ ನೆಲದಲ್ಲಿ ನಿಲ್ಲಲು ಏನೂ ಇಲ್ಲ ಎಂದರ್ಥ. ಆಕಾಶ ಕತ್ತರಿಸಿದರೂ ಚಿತ್ರ ಸುಧಾರಿಸದು. "ಏನೋ ಗಜಿಬಿಜಿ" ಎಂಬುದರ ಹಿಂದೆ ಸಾಮಾನ್ಯವಾಗಿ ಒಂದರ ಮೇಲೊಂದು ಬಿದ್ದ ಮರಗಳಿರುತ್ತವೆ, ಕ್ಯಾಮೆರಾದ ಎತ್ತರ ಬದಲಿಸಬೇಕು. "ಬಣ್ಣ ಸ್ವಲ್ಪ ಹೆಚ್ಚಿಸಿ" ಎಂದವರಿಗೆ ಬೇಸರ ತಂದದ್ದು ಚಪ್ಪಟೆ ಬೆಳಕು, ಹೊತ್ತು ಬದಲಿಸಬೇಕು. ಮೂವರಲ್ಲಿ ಇಬ್ಬರು ಒಂದೇ ಜಾಗದಲ್ಲಿ ಬೆರಳಿಟ್ಟರೆ ಅದು ತಪ್ಪು, ತಿದ್ದಿ. ಒಬ್ಬರೇ ಹೇಳಿದರೆ ಬರೆದಿಟ್ಟುಕೊಳ್ಳಿ, ಮತ್ತೊಮ್ಮೆ ಬಂದಾಗ ನೋಡೋಣ. ವಾದಿಸಲು ಹೊರಟರೆ ಮುಂದಿನ ಸಲ ಅವರು "ಸೂಪರ್" ಎಂದು ಹೇಳಿ ಕೈತೊಳೆದುಕೊಳ್ಳುತ್ತಾರೆ.

ಕೇಳಲು ಯಾರೂ ಸಿಗದ ದಿನ ಚಿತ್ರವನ್ನೇ ಅಪರಿಚಿತ ಮಾಡಿಕೊಳ್ಳಬಹುದು. ಎಡಬಲ ತಿರುಗಿಸಿ ನೋಡಿ, ತಲೆಕೆಳಗು ಮಾಡಿ, ಕಪ್ಪುಬಿಳುಪು ಮಾಡಿ, ಬೆರಳುಗುರಿನಷ್ಟು ಚಿಕ್ಕದು ಮಾಡಿ. ಆ ಗಾತ್ರದಲ್ಲೂ ಎರಡು ಮೂರು ದೊಡ್ಡ ಆಕಾರಗಳು ಬೇರೆ ಬೇರೆಯಾಗಿ ಕಂಡರೆ ಅಸ್ಥಿಭಾರ ಗಟ್ಟಿಯಿದೆ. ಎಲ್ ಆಕಾರದ ಎರಡು ರಟ್ಟುಗಳನ್ನು ಪ್ರಿಂಟಿನ ಮೇಲೆ ಜರುಗಿಸುತ್ತಾ ಬೇರೆ ಚೌಕಟ್ಟು ಹುಡುಕಿ. 24 ಮೆಗಾಪಿಕ್ಸೆಲ್ ಚಿತ್ರವನ್ನು ಅಗಲ ಎತ್ತರ ಎರಡರಲ್ಲೂ ಅರ್ಧ ಮಾಡಿದರೆ ಉಳಿಯುವುದು 6 ಮೆಗಾಪಿಕ್ಸೆಲ್; 10 ಇಂಚಿನ ಪ್ರಿಂಟಿಗೆ ಸಾಕು. ಆದರೂ ಆ ಕ್ರಾಪನ್ನು ಮುಂದಿನ ಭೇಟಿಯ ನಕ್ಷೆ ಎಂದೇ ತಿಳಿಯಿರಿ.

ಒಂದು ಉದಾಹರಣೆ: ಮತಂಗ ಬೆಟ್ಟದ ಮೇಲಿಂದ

ಹಂಪಿಯ ಮತಂಗ ಬೆಟ್ಟದಿಂದ ಕಾಣುವ ಅಚ್ಯುತರಾಯ ದೇವಸ್ಥಾನ 1534ರ ಕಟ್ಟಡ. ಉತ್ತರಕ್ಕೆ ಮುಖಮಾಡಿದೆ, ಅದರ ಮುಂದಿನ ಬಜಾರು ನೇರವಾಗಿ ನದಿಯ ಕಡೆ ಸಾಗುತ್ತದೆ. ಮೊದಲ ಸಲ ಹತ್ತಿದವರ ಚಿತ್ರ ಸಾಮಾನ್ಯವಾಗಿ ಹೀಗಿರುತ್ತದೆ: ಮೇಲರ್ಧ ಆಕಾಶ, ಕೆಳಗೆ ನಟ್ಟನಡುವೆ ಬೆಂಕಿಪೊಟ್ಟಣದಷ್ಟು ದೇವಸ್ಥಾನ, ಎಡಮೂಲೆಯಲ್ಲಿ ಅರ್ಧ ಕತ್ತರಿಸಿದ ಬಂಡೆ.

ಇದನ್ನು ಮೂವರ ಕೈಗೆ ಕೊಟ್ಟರೆ ಕಣ್ಣು ಮೊದಲು ಬೆಳ್ಳಗಿನ ಆಕಾಶಕ್ಕೆ, ಆಮೇಲೆ ಬಂಡೆಗೆ ಹೋಗುತ್ತದೆ, ದೇವಸ್ಥಾನ ಮೂರನೆಯದು. ಬರೆದ ವಾಕ್ಯ "ಬಂಡೆಗಳ ನಡುವೆ ಮನುಷ್ಯ ಎಳೆದ ನೇರಗೆರೆ" ಎಂದಾಗಿದ್ದರೆ, ಆ ಗೆರೆಗೆ ಚಿತ್ರದಲ್ಲಿ ಪಾಲೇ ಸಿಕ್ಕಿಲ್ಲ. ಹಾಗಾದರೆ ಮರುಭೇಟಿಯಲ್ಲಿ ಆಕಾಶ ಐದನೇ ಒಂದು ಪಾಲಿಗೆ ಇಳಿಯಲಿ. ಫುಲ್ ಫ್ರೇಮಿನಲ್ಲಿ 35ರಿಂದ 50 ಮಿ.ಮೀ. ಹಾಕಿ, ದೇವಸ್ಥಾನವನ್ನು ಚೌಕಟ್ಟಿನ ಕೆಳಗಿನ ಮೂರನೇ ಒಂದು ಭಾಗದಲ್ಲಿ ಬಲಗಡೆಗೆ ಇಟ್ಟರೆ ಬಜಾರಿನ ಸಾಲು ಎಡಕ್ಕೆ ಓರೆಯಾಗಿ ಸಾಗಲು ಜಾಗ ಸಿಗುತ್ತದೆ. ಬಂಡೆ ಬೇಕಿದ್ದರೆ ಪೂರ್ತಿ ಬರಲಿ, ಬೇಡವಾದರೆ ಎರಡು ಹೆಜ್ಜೆ ಮುಂದೆ ಹೋಗಿ ಅದನ್ನು ಬೆನ್ನಿಗೆ ಬಿಡಿ. ಮುಂದೆ ಹೋಗುವ ಮೊದಲು ಕಾಲ ಕೆಳಗಿನ ಅಂಚು ನೋಡಿಕೊಳ್ಳಿ.

ಡಿಸೆಂಬರಿನಲ್ಲಿ ಸೂರ್ಯ ಆಗ್ನೇಯಕ್ಕೆ ಸರಿದಿರುವುದರಿಂದ ಬೆಳಗಿನ ಬೆಳಕು ಬಲಗಡೆಯಿಂದ ಅಡ್ಡ ಬೀಳುತ್ತದೆ, ಕಂಬಸಾಲುಗಳಿಗೆ ನೆರಳು ಮೂಡುತ್ತದೆ. ಸಂಜೆ ಹೋದರೆ ಸೂರ್ಯ ಬೆನ್ನ ಹಿಂದೆ ಇಳಿಯುತ್ತಾನೆ, ಬೆಟ್ಟದ ನೆರಳೇ ಕೆಳಗಿನ ದೇವಸ್ಥಾನವನ್ನು ಬೇಗ ಮುಚ್ಚುತ್ತದೆ. ಬೆಳಗಿನ ಭೇಟಿಗೆ ಕತ್ತಲಲ್ಲಿ ಹತ್ತಬೇಕಾದ್ದರಿಂದ ಹೆಡ್‌ಲ್ಯಾಂಪ್ ಬೇಕು, ಒಬ್ಬರೇ ಹೋಗಬೇಡಿ. ಕೆಳಗಿನ ಸ್ಮಾರಕಗಳ ಒಳಗೆ ಟ್ರೈಪಾಡ್ ಇಡಲು ಪುರಾತತ್ತ್ವ ಇಲಾಖೆಯ ಅನುಮತಿ ಪಡೆಯಬೇಕು.

ಎಂಟು ವಾರದ ಲೆಕ್ಕ

ವಾರಕ್ಕೊಂದು ಭೇಟಿ, ಒಂದೇ ಜಾಗ. ಮೊದಲ ಎರಡು ವಾರ ಅಂಚು ಮತ್ತು ತಾಗುವಿಕೆ ಮಾತ್ರ ನೋಡಿಕೊಳ್ಳಿ, ಬೇರೆ ಯಾವುದರ ಚಿಂತೆಯೂ ಬೇಡ. ಮೂರು, ನಾಲ್ಕು, ಐದನೆಯ ವಾರ ಕಾಲು ಮತ್ತು ಎತ್ತರ. ಇದಕ್ಕೆ ಹೆಚ್ಚು ಸಮಯ ಕೊಟ್ಟಿರುವುದು ಬೇಕೆಂದೇ, ಆಳ ಹುಟ್ಟುವುದು ಇಲ್ಲಿ. ಆರನೆಯ ವಾರ 50 ಮಿ.ಮೀ.ಗಿಂತ ಉದ್ದದ ಲೆನ್ಸ್ ಮಾತ್ರ. ಏಳನೆಯ ವಾರ ಬೆಳಕು: ಒಂದೇ ಚೌಕಟ್ಟು, ಟ್ರೈಪಾಡ್ ಅಲುಗಿಸದೆ, ಸೂರ್ಯೋದಯಕ್ಕೆ 20 ನಿಮಿಷ ಮೊದಲಿನಿಂದ 30 ನಿಮಿಷ ನಂತರದವರೆಗೆ ಐದು ನಿಮಿಷಕ್ಕೊಂದರಂತೆ ಹನ್ನೊಂದು ಚಿತ್ರ. ಎಂಟನೆಯ ವಾರ ಮೊದಲ ವಾರದ ಮೊದಲ ಚಿತ್ರವನ್ನು ಪ್ರಿಂಟ್ ಹಾಕಿಸಿಕೊಂಡು ಹೋಗಿ, ಅದೇ ಜಾಗದಲ್ಲಿ ನಿಂತು, ಅದೇ ವಾಕ್ಯಕ್ಕೆ ಮತ್ತೆ ಚಿತ್ರ ತೆಗೆಯಿರಿ.

ನೋಟ್‌ಬುಕ್ಕಿನಲ್ಲಿ ಪ್ರತಿ ಭೇಟಿಗೆ ಅರ್ಧ ಪುಟ ಸಾಕು: ದಿನಾಂಕ, ವಾಕ್ಯ, ಮೂವರ ಉತ್ತರ, ತಿದ್ದಬೇಕಾದ ಒಂದು ಅಂಶ. ಒಂದೇ ದೂರು ಮೂರು ಪುಟಗಳಲ್ಲಿ ಬಂದರೆ ಮುಂದಿನ ಅಭ್ಯಾಸಕ್ಕೆ ಹೋಗದೆ ಅಲ್ಲಿಯೇ ಇನ್ನೊಂದು ವಾರ ನಿಲ್ಲಿ. ಎರಡು ವಾರ ಮೂವರ ವಾಕ್ಯವೂ ನಿಮ್ಮದಕ್ಕೆ ಹತ್ತಿರ ಬಂದರೆ ಜಾಗ ಬದಲಿಸಬಹುದು. ಹಳೆಯ ಕೆರೆಗೆ ಮತ್ತೆ ಬರುವುದು ಮೊದಲ ಮಳೆ ಬಿದ್ದು ಕೋಡಿ ಹರಿದ ಮೇಲೆ. ಅಷ್ಟು ಹೊತ್ತಿಗೆ ಮುನ್ನೆಲೆಯ ಕಲ್ಲುಗಳು ಮುಳುಗಿ, ದಡದ ಗೆರೆ ಸರಿದು, ಎಲ್ಲಿ ನಿಲ್ಲಬೇಕೆಂಬುದನ್ನು ಹೊಸದಾಗಿ ಹುಡುಕಬೇಕಾಗಿರುತ್ತದೆ.